ಮಳೆಯ ಪಟ್ಟಿಯಲ್ಲಿ ಯಾರ ಮಳೆ?

ಜೂನ್ ಬಂತೆಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಮಳೆಹಾಡುಗಳ ಪಟ್ಟಿಯೊಂದು ಓಡಾಡತೊಡಗುತ್ತದೆ. ಒಂದು ಕಾಲಕ್ಕೆ ಒಂದೇ ಹಾಸ್ಟೆಲಿನಲ್ಲಿದ್ದ ಎಂಟು ಜನ ಈಗ ಎಂಟು ಊರುಗಳಲ್ಲಿದ್ದೇವೆ. ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಹಾಡು ಆರಿಸಿ, ಒಂದರ ಹಿಂದೊಂದು ಜೋಡಿಸಿ ಉಳಿದವರಿಗೆ ಕಳಿಸುವುದು ರೂಢಿ. ಈ ಸಲದ ಸರದಿ ನನ್ನದು. ಹಾಡು ಆರಿಸಿ ಜೋಡಿಸುವ ಈ ಕೆಲಸವನ್ನು ನಾವು ಬಿಡುವಿನ ಆಟವೆಂದು ತಿಳಿದಿದ್ದೇವೆ. ನನಗೆ ಅದು ವಿಮರ್ಶೆಯ ಕೆಲಸವೆಂದೇ ತೋರುತ್ತದೆ. ಯಾವ ಹಾಡು ಒಳಗೆ, ಯಾವುದು ಹೊರಗೆ, ಯಾವುದರ ಪಕ್ಕ ಯಾವುದು ಎಂದು ನಿರ್ಧರಿಸುವಾಗ ನಾವು ಆ ಹಾಡುಗಳ ಅರ್ಥವನ್ನೂ ನಿರ್ಧರಿಸುತ್ತಿರುತ್ತೇವೆ.

ಸಾಮಾನ್ಯವಾಗಿ ಓಡಾಡುವ ಮಳೆಪಟ್ಟಿ ಹೇಗಿರುತ್ತದೆಂದು ಯಾರೂ ಊಹಿಸಬಹುದು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಎರಡೋ ಮೂರೋ ಹಾಡು, 2008ರ ‘ಗಾಳಿಪಟ’ದ್ದೊಂದು, 2009ರ ‘ಮಳೆಯಲಿ ಜೊತೆಯಲಿ’ಯದ್ದೊಂದು, ನಡುವೆ ಹಿಂದಿಯದೊಂದು, ಕೊನೆಗೆ ಹಳೆಯ ಕಪ್ಪುಬಿಳುಪಿನ ಕಾಲದ ಯುಗಳಗೀತೆ. ಮೊಬೈಲಿನ ಯಾವುದೇ ಹಾಡಿನ ಆ್ಯಪಿನಲ್ಲಿ ‘ಮಳೆ’ ಎಂದು ಹುಡುಕಿದರೂ ಹೆಚ್ಚುಕಡಿಮೆ ಇವೇ ಮೇಲೆ ಬರುತ್ತವೆ. ಇವು ಕೆಟ್ಟ ಹಾಡುಗಳಲ್ಲ. ಮನೋಮೂರ್ತಿಯವರ ರಾಗಸಂಯೋಜನೆಗೆ ಸೋನು ನಿಗಮ್ ಕೊಟ್ಟ ಧ್ವನಿ ಒಂದು ತಲೆಮಾರಿನ ಕನ್ನಡ ಕಿವಿಯನ್ನೇ ಬದಲಿಸಿತು. ಪ್ರೇಮಗೀತೆಯ ಸವೆದ ಪದಕೋಶಕ್ಕೆ ಜಯಂತ ಕಾಯ್ಕಿಣಿಯವರು ದಿನಬಳಕೆಯ ವಸ್ತುಗಳನ್ನೂ ಒಂದಿಷ್ಟು ನಾಚಿಕೆಯನ್ನೂ ತಂದರು. ನನ್ನ ತಕರಾರು ಹಾಡುಗಳ ಬಗ್ಗೆ ಅಲ್ಲ, ಅವು ಒಟ್ಟಿಗೆ ಕೂತಾಗ ಮಳೆಯ ಬಗ್ಗೆ ಏನು ಹೇಳುತ್ತವೆ ಎಂಬುದರ ಬಗ್ಗೆ.

ನಮ್ಮ ಗುಂಪಿನಲ್ಲಿ ಕೊಪ್ಪಳದ ಕಡೆಯವನೊಬ್ಬನಿದ್ದಾನೆ. ಹೋದ ವರ್ಷ ಇಂಥದೇ ಪಟ್ಟಿ ಬಂದಾಗ ಅವನು ಎಲ್ಲವನ್ನೂ ಕೇಳಿ ಒಂದೇ ಮಾತು ಬರೆದ: “ಇವು ಮಳಿ ಹಾಡಲ್ಲಪಾ, ತೋಯಿಸ್ಕೊಳ್ಳೋ ಹಾಡು.”

ಇದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಈಚೆಗೆ ಓದಿಲ್ಲ. ಮಳೆಯಲ್ಲಿ ತೋಯಿಸಿಕೊಳ್ಳುವವನಿಗೆ ಒಣಗಿಸಿಕೊಳ್ಳಲು ಒಂದು ಮನೆ ಇರುತ್ತದೆ, ಬದಲಿಸಲು ಬಟ್ಟೆ ಇರುತ್ತದೆ. ‘ಮುಂಗಾರು ಮಳೆ’ಯ ಶೀರ್ಷಿಕೆ ಗೀತೆಯಲ್ಲಿ ನಾಯಕ ಮಳೆಯನ್ನೇ ಎದುರು ನಿಲ್ಲಿಸಿಕೊಂಡು ಮಾತಾಡಿಸುತ್ತಾನೆ, ಮಳೆ ಅವನ ಪ್ರೇಮಕ್ಕೆ ಸಾಕ್ಷಿ, ಕೆಲವೊಮ್ಮೆ ಪ್ರತಿವಾದಿ. ‘ಗಾಳಿಪಟ’ದ ಹಾಡಿನಲ್ಲಿ ಅವಳು ಬಂದ ಮಾತ್ರಕ್ಕೆ ಅವನಿರುವ ಜಾಗದಲ್ಲಿ ಮಳೆಗಾಲ ಸಂಭವಿಸುತ್ತದೆ. ಎರಡೂ ಕಡೆ ಮಳೆ ಬಂದೇ ಬಿಟ್ಟಿದೆ. ಅದು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಇಲ್ಲ, ಬಂದದ್ದು ಹೆಚ್ಚಾಯಿತೋ ಎಂಬ ಪ್ರಶ್ನೆಯೂ ಇಲ್ಲ. ಆದರೆ ಕರ್ನಾಟಕದ ಬಹುಪಾಲು ಜನರಿಗೆ ಮಳೆ ಎಂದರೆ ಈ ಎರಡು ಪ್ರಶ್ನೆಗಳೇ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಚಳ್ಳಕೆರೆಯಂಥ ಕಡೆ ಅದು 500ರ ಆಸುಪಾಸು. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಪದ. ಆ ಪದ ಹೇಳಿದಾಗ ಇಬ್ಬರ ಕಣ್ಣೆದುರು ಬರುವುದು ಒಂದೇ ಅಲ್ಲ. ಎಂಟು ಊರಿನ ಎಂಟು ಜನರಿಗೆ ಮಳೆಯ ಪಟ್ಟಿ ಕಳಿಸುವವನು ಮೊದಲು ಇದನ್ನು ಯೋಚಿಸಬೇಕು. ತನ್ನ ಊರಿನ ಮಳೆ ಅದರೊಳಗಿಲ್ಲ ಎಂದು ಗೆಳೆಯನಿಗೆ ಅನ್ನಿಸಿದರೆ ಆ ಪಟ್ಟಿ ಯಾರಿಗೆ ಬರೆದ ಪತ್ರ?

ವಿಷಯವೊಂದನ್ನು ಹಿಡಿದು ಆಯ್ಕೆ ಮಾಡುವುದು ಕನ್ನಡಕ್ಕೆ ಹೊಸದಲ್ಲ. ನಮ್ಮಲ್ಲಿ ಇದಕ್ಕೆ ಎರಡು ಹಳೆಯ ಮಾದರಿಗಳಿವೆ, ಎರಡೂ ಒಂದಕ್ಕೊಂದು ತೀರ ಬೇರೆ.

ಮೊದಲನೆಯದು 13ನೆಯ ಶತಮಾನದ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’. ‘ಶಬ್ದಮಣಿದರ್ಪಣ’ದ ಕೇಶಿರಾಜನ ತಂದೆ ಈತ. ಹಿಂದಿನ ಕವಿಗಳ ಕಾವ್ಯಗಳಿಂದ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ಋತು, ಚಂದ್ರೋದಯ ಹೀಗೆ ವರ್ಣನೆಯ ವಿಷಯಗಳ ಪ್ರಕಾರ ಜೋಡಿಸಿದ. ಇದರ ಉಪಕಾರ ದೊಡ್ಡದು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳಂಥ ಕಾವ್ಯಗಳು ನಮಗೆ ಇಡಿಯಾಗಿ ಸಿಕ್ಕಿಲ್ಲ, ಅವುಗಳ ಬಿಡಿ ಪದ್ಯಗಳು ಉಳಿದು ಬಂದದ್ದು ಇಂಥ ಸಂಕಲನಗಳ ದಯೆಯಿಂದ. ಆಯ್ಕೆ ಮಾಡುವವನು ಕೆಲವೊಮ್ಮೆ ಕಾಪಾಡುವವನೂ ಆಗಿರುತ್ತಾನೆ. ಆದರೆ ಇಲ್ಲಿ ಪದ್ಯಗಳು ಒಂದರ ಪಕ್ಕ ಒಂದು ಕೂತಿರುತ್ತವೆಯೇ ಹೊರತು ಮಾತಾಡುವುದಿಲ್ಲ. ಒಂದು ಚಂದ್ರೋದಯದ ಪಕ್ಕ ಇನ್ನೊಂದು ಚಂದ್ರೋದಯ. ನಮ್ಮ ಆ್ಯಪುಗಳು ಮಾಡುವುದೂ ಸ್ವಲ್ಪ ಇದನ್ನೇ, ಮಲ್ಲಿಕಾರ್ಜುನನ ವಿದ್ವತ್ತನ್ನು ಕಳೆದು.

ಎರಡನೆಯ ಮಾದರಿ ‘ಶೂನ್ಯಸಂಪಾದನೆ’. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಮಾಡಿದ ಕೆಲಸ ಇದು. ಆಮೇಲೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇದನ್ನೇ ಮತ್ತೆ ಮತ್ತೆ ಮಾಡಿದರು. ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿದ ಬಿಡಿ ವಚನಗಳನ್ನು ತೆಗೆದುಕೊಂಡು, ನಡುವೆ ಗದ್ಯದ ಕೊಂಡಿಗಳನ್ನಿಟ್ಟು, ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ, ಮುಕ್ತಾಯಕ್ಕರು ಎದುರುಬದುರು ಕೂತು ವಾದಿಸುವಂತೆ ಜೋಡಿಸಿದರು. ಅಕ್ಕನ ವಚನವೊಂದು ಒಂಟಿಯಾಗಿದ್ದಾಗ ಸ್ವಗತ. ಅಲ್ಲಮನ ಕಠಿಣವಾದ ಪ್ರಶ್ನೆಯ ನಂತರ ಬಂದಾಗ ಅದೇ ಉತ್ತರವಾಗುತ್ತದೆ. ವಚನದ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗುತ್ತದೆ. ಒಬ್ಬರ ಜೋಡಣೆ ಸಾಲದೆ ನಾಲ್ಕು ಜನ ಬೇರೆ ಬೇರೆ ಸಂಪಾದನೆ ಮಾಡಿದರು ಎಂಬುದೇ ಕ್ರಮವೂ ಒಂದು ವಾದ ಎಂಬುದಕ್ಕೆ ಸಾಕ್ಷಿ.

ನನಗೆ ಬೇಕಾದದ್ದು ಈ ಎರಡನೆಯ ಬಗೆಯ ಪಟ್ಟಿ. ಆದರೆ ಹಾಡುಗಳ ನಡುವೆ ನಾನು ಗದ್ಯದ ಕೊಂಡಿ ಬರೆಯುವಂತಿಲ್ಲ. ಕ್ರಮವೇ ಕೊಂಡಿಯಾಗಬೇಕು. ಆ ಕ್ರಮವನ್ನು ಎಲ್ಲಿಂದ ತರುವುದು? ಉತ್ತರ ರೈತರ ಪಂಚಾಂಗದಲ್ಲಿತ್ತು. ನಮ್ಮವರು ಮಳೆಯನ್ನು ಒಂದೇ ಹೆಸರಿನಿಂದ ಕರೆದವರಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ: ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ. ಪ್ರತಿಯೊಂದಕ್ಕೂ ಅದರದೇ ಗುಣ, ಅದರದೇ ಗಾದೆ, ಅದರದೇ ಕೆಲಸ. ಈ ಕ್ರಮದಲ್ಲಿ ಹಾಡುಗಳನ್ನಿಟ್ಟರೆ ಕಾಯುವುದರಿಂದ ಶುರುವಾಗಿ, ಬರುವುದು, ತುಂಬುವುದು, ಮೀರುವುದು, ಸೋರುವುದು ಎಲ್ಲಕ್ಕೂ ಜಾಗ ಸಿಗುತ್ತದೆ.

ಹಾಗಾಗಿ ರೋಹಿಣಿಗೆ ಗುರ್ಜಿಯ ಹಾಡು. ಮಳೆ ತಡವಾದಾಗ ಉತ್ತರ ಕರ್ನಾಟಕದ ಊರುಗಳಲ್ಲಿ ಹುಡುಗನೊಬ್ಬನ ತಲೆಯ ಮೇಲೆ ರೊಟ್ಟಿಯ ಹಂಚನ್ನು ಬೋರಲಿಟ್ಟು, ಅದರ ಮೇಲೆ ಸಗಣಿಯ ಗುರ್ಜಿ ಮಾಡಿ ಗರಿಕೆ ಸಿಕ್ಕಿಸಿ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯ ಹೆಂಗಸರು ಅವನ ತಲೆಯ ಮೇಲೆ ತಂಬಿಗೆಯಲ್ಲಿ ನೀರು ಸುರಿಯುತ್ತಾರೆ, ಅವನು ಗಿರಗಿರ ತಿರುಗುತ್ತಾನೆ, ಸುತ್ತಲೂ ಹನಿ ಹಾರುತ್ತದೆ. ಇಲ್ಲಿಯೂ ಒಬ್ಬ ತೋಯುತ್ತಿದ್ದಾನೆ. ಆದರೆ ಮುಗಿಲಿನಿಂದ ಬರದ ನೀರನ್ನು ಕೊಡದಿಂದ ಸುರಿದು, ಹೀಗೆ ಬರಬೇಕೆಂದು ಮಳೆಗೆ ತೋರಿಸಿಕೊಡುವ ತೋಯುವಿಕೆ ಅದು. ಇರುವ ಸ್ವಲ್ಪ ನೀರನ್ನೇ ಚೆಲ್ಲಿ ಇಲ್ಲದ ನೀರನ್ನು ಕೇಳುವ ಈ ಧೈರ್ಯ ಯಾವ ಸಿನಿಮಾ ಹಾಡಿನಲ್ಲೂ ನನಗೆ ಕಂಡಿಲ್ಲ. ಧ್ವನಿಮುದ್ರಣ ಒರಟಾಗಿದೆ, ಮಕ್ಕಳ ಗಲಾಟೆ ಇದೆ. ಅದು ಹಾಗೆಯೇ ಇರಲಿ ಎಂದು ಬಿಟ್ಟೆ.

ಇದರ ಬೆನ್ನಿಗೇ, ಮೃಗಶಿರಕ್ಕೆ, ‘ಮುಂಗಾರು ಮಳೆ’ಯ ಶೀರ್ಷಿಕೆ ಗೀತೆ. ಗೆಳೆಯನ ಮಾತು ಕೇಳಿ ಸಿನಿಮಾ ಹಾಡುಗಳನ್ನೆಲ್ಲ ಹೊರಗಿಡುವುದು ಸುಲಭವಿತ್ತು. ಆದರೆ ಅದು ಇನ್ನೊಂದು ಬಗೆಯ ಜಂಬವಾಗುತ್ತಿತ್ತು. ಗುರ್ಜಿಯ ನಂತರ ಕೇಳಿ ನೋಡಿ, ಈ ಹಾಡು ಬೇರೆಯಾಗುತ್ತದೆ. ಮಳೆಯನ್ನು ನೇರವಾಗಿ ಕರೆದು ಮಾತಾಡಿಸುವ ಅದರ ರೀತಿ ಆ ಮಕ್ಕಳ ಕೂಗಿನದೇ ಮುಂದುವರಿಕೆಯಂತೆ ಕೇಳುತ್ತದೆ. ಸಿನಿಮಾ ಹಾಡಿನ ನಾಯಕನಿಗೆ ಗೊತ್ತಿಲ್ಲದ ಒಂದು ಹಳೆಯ ಕಸುಬು ಅವನ ಬಾಯಲ್ಲಿದೆ. ‘ಗಾಳಿಪಟ’ದ ಹಾಡನ್ನು ಮಾತ್ರ ಕೈಬಿಟ್ಟೆ. ಅಲ್ಲಿ ಮಳೆ ಪೂರ್ತಿ ರೂಪಕ. ರೂಪಕವಾದ ಮಳೆ ನಕ್ಷತ್ರದ ಲೆಕ್ಕಕ್ಕೆ ಸಿಗುವುದಿಲ್ಲ.

ಆರಿದ್ರ, ಪುನರ್ವಸುಗಳಿಗೆ ಎರಡು ಕೆರೆಗಳ ಹಾಡು. ಒಂದು, ಮದಗದ ಕೆರೆಗೆ ಬಂದ ಮಾಯದ ಮಳೆಯ ಜನಪದ ಹಾಡು. ಅಂಗೈಯಗಲದ ಮೋಡದಿಂದ ಶುರುವಾದ ಮಳೆ ಕೆರೆಯನ್ನು ತುಂಬಿಸಿ ಏರಿಯ ಮೇಲೆ ಒತ್ತುತ್ತದೆ. ಸಾವಿರಾರು ಮಣ್ಣು ಕೆಲಸದವರು, ಸಾವಿರಾರು ಗುದ್ದಲಿಗಳು ಬೇಕಾಗುತ್ತವೆ. ಈ ಹಾಡಿನ ಕುಣಿಯುವ ಲಯಕ್ಕೆ ಮರುಳಾಗಿ ನಾವು ಅದನ್ನು ಸಂಭ್ರಮದ ಹಾಡೆಂದು ವೇದಿಕೆಗಳಲ್ಲಿ ಚಪ್ಪಾಳೆ ತಟ್ಟಿ ಹಾಡುತ್ತೇವೆ. ಮಾತುಗಳನ್ನು ಗಮನಿಸಿದರೆ ಬೇಡಿದ್ದು ಬೇಡಿದ್ದಕ್ಕಿಂತ ಹೆಚ್ಚಾಗಿ ಬಂದಾಗಿನ ದಿಗಿಲು ಅಲ್ಲಿದೆ.

ಅದರ ಪಕ್ಕದಲ್ಲೇ ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಆಹುತಿ ಕೊಡಬೇಕೆಂದು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ಈ ಕಥನಗೀತೆಯಲ್ಲಿ ಮಳೆ ಇಲ್ಲವೇ ಇಲ್ಲ, ಆದ್ದರಿಂದ ಯಾವ ಹುಡುಕಾಟವೂ ಇದನ್ನು ಮಳೆಯ ಹಾಡೆಂದು ತಂದುಕೊಡದು. ಆದರೆ ಬಾರದ ಮಳೆಯ ಬೆಲೆಯನ್ನು ಯಾರಿಂದ ವಸೂಲು ಮಾಡಲಾಯಿತು ಎಂದು ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಹಾಡಿಲ್ಲ. ಮರೆತ ಬಟ್ಟಲನ್ನು ತರಲು ಭಾಗೀರಥಿ ಹಿಂತಿರುಗುತ್ತಾಳೆ, ಒಂದೊಂದು ಮೆಟ್ಟಿಲಿಗೂ ನೀರು ಅವಳ ಮೈಯ ಮೇಲೆ ಒಂದೊಂದು ಹಂತ ಏರುತ್ತದೆ. ಹಾಡು ಅಳುವುದಿಲ್ಲ, ಎಣಿಸುತ್ತದೆ.

ಈ ಪಟ್ಟಿಗೆ ಅದನ್ನು ಸೇರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಸಾಯುವ ಮೊದಲು ಭಾಗೀರಥಿ ತವರಿಗೆ ಹೋಗುತ್ತಾಳೆ. ಮೋರೆ ಯಾಕೆ ಬಾಡಿದೆ ಎಂದು ಕೇಳಿದ ಅಪ್ಪನಿಗೆ ನಿಜ ಹೇಳದೆ ಬೇರೇನೋ ನೆಪ ಹೇಳುತ್ತಾಳೆ. ಆಮೇಲೆ ಗೆಳತಿಯ ಮನೆಗೆ ಹೋಗುತ್ತಾಳೆ, ಅವಳಿಗೆ ಮಾತ್ರ ನಿಜ ಹೇಳುತ್ತಾಳೆ. ಗೆಳತಿ ಅವಳನ್ನು ಉಳಿಸಿಕೊಳ್ಳುವುದಿಲ್ಲ. ಬಂದದ್ದನ್ನು ಸಹಿಸಿಕೋ ಎನ್ನುತ್ತಾಳೆ. ಗೆಳೆತನದ ಬಗ್ಗೆ ನಾನು ಕೇಳಿದ ಅತ್ಯಂತ ಕಹಿಯಾದ ಭಾಗ ಇದು. ನಿಜವನ್ನು ಕೇಳಿಸಿಕೊಳ್ಳಲು ಗೆಳತಿಯಿದ್ದಾಳೆ, ಕೇಳಿದ ಮೇಲೆ ಏನು ಮಾಡಬೇಕೆಂದು ಅವಳಿಗೂ ಗೊತ್ತಿಲ್ಲ. ಗೆಳೆಯರಿಗಾಗಿ ಮಾಡುವ ಪಟ್ಟಿಯಲ್ಲಿ ಈ ಭಾಗ ಇರಲೇಬೇಕೆನಿಸಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು, ನಮ್ಮ ಗುಂಪಿನಲ್ಲೇ ಎದ್ದಿತು. “ಇದನ್ನು ಕೇಳ್ತಾ ಕಾಫಿ ಕುಡಿಯೋದು ಹೇಗೆ?” ಎಂದು ಮೈಸೂರಿನ ಗೆಳತಿ ಕೇಳಿದಳು. ಅವಳ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಪಟ್ಟಿ ವಿಚಾರಸಂಕಿರಣವಲ್ಲ. ಒಂದು ವಿಷಯವನ್ನು ಸಾಧಿಸುವ ಹಟಕ್ಕೆ ಬಿದ್ದರೆ ಹಾಡುಗಳು ಹಾಡುಗಳಾಗಿ ಉಳಿಯದೆ ಪುರಾವೆಗಳಾಗುತ್ತವೆ. ಅದಕ್ಕೇ ಇಲ್ಲಿಂದ ಮುಂದೆ ಮಾತನ್ನು ನಿಲ್ಲಿಸಿದೆ.

ಮಾತು ನಿಲ್ಲಿಸುವುದಕ್ಕೆ ಕರಾವಳಿ ಸಹಾಯಕ್ಕೆ ಬಂತು. ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆಯೊಂದಿಗೆ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಚಂಡೆಯ ಸದ್ದು ಮತ್ತೆ ಬಯಲಿನಲ್ಲಿ ಕೇಳುವುದು ಮಳೆ ಕಳೆದು ದೀಪಾವಳಿಯ ಹೊತ್ತಿಗೆ. ನಡುವೆ ಮನೆಮನೆಗೆ ಬರುವ ಚಿಕ್ಕಮೇಳಗಳಿವೆ, ಆಟಿ ತಿಂಗಳಲ್ಲಿ ಕಳೆಂಜ ಬರುತ್ತಾನೆ, ನಿಜ. ಆದರೆ ಬಯಲಾಟದ ಇರುಳುಗಳು ಮುಗಿದಿರುತ್ತವೆ. ಒಳನಾಡಿನಲ್ಲಿ ಮಳೆಗಾಗಿ ಹಾಡುತ್ತಾರೆ, ಕರಾವಳಿಯಲ್ಲಿ ಮಳೆಗಾಗಿ ಹಾಡು ನಿಲ್ಲಿಸುತ್ತಾರೆ. ಇದನ್ನು ಹಾಡಿನ ಪಟ್ಟಿಯಲ್ಲಿ ತೋರಿಸುವುದು ಹೇಗೆ? ಕ್ಯಾಸೆಟ್ಟಿನ ಕಾಲದಲ್ಲಾಗಿದ್ದರೆ ಸುಲಭವಿತ್ತು. ಅಂಗಡಿಯವನಿಗೆ ಹಾಡುಗಳ ಚೀಟಿ ಬರೆದುಕೊಟ್ಟು ತುಂಬಿಸಿಕೊಳ್ಳುತ್ತಿದ್ದ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಪ್ರತಿ ಬದಿಗೂ 30 ನಿಮಿಷ. ಕೊನೆಯಲ್ಲಿ ಖಾಲಿ ಉಳಿದ ಟೇಪು ಸರಸರ ಓಡಿ ಟಕ್ಕೆಂದು ನಿಲ್ಲುತ್ತಿತ್ತು, ಎದ್ದು ಹೋಗಿ ತಿರುವಿ ಹಾಕಬೇಕಿತ್ತು. ಆ ಮೌನ ಈಗಿನ ಪಟ್ಟಿಗಳಲ್ಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಕೊನೆಗೆ ಪುತ್ತೂರಿನ ಗೆಳೆಯನಿಗೆ ಹೇಳಿ ಅವರ ಮನೆಯ ಹಂಚಿನ ಮೇಲೆ ಬೀಳುವ ಮಳೆಯನ್ನು ಒಂದು ನಿಮಿಷ ಧ್ವನಿಮುದ್ರಿಸಿ ತರಿಸಿಕೊಂಡೆ. ಭಾಗೀರಥಿಯ ಹಾಡಿನ ನಂತರ ಅದು. ಯಾರ ದನಿಯೂ ಇಲ್ಲದ ಒಂದು ನಿಮಿಷ.

ಆಶ್ಲೇಷಕ್ಕೆ ಮಲ್ಲಿಕಾರ್ಜುನ ಮನ್ಸೂರರ ಗೌಡ ಮಲ್ಹಾರ. ಧಾರವಾಡ ಮಲೆನಾಡೂ ಅಲ್ಲ, ಪೂರಾ ಬಯಲುಸೀಮೆಯೂ ಅಲ್ಲ, ಎರಡೂ ಕೂಡುವ ಅಂಚಿನ ಊರು. ಮನ್ಸೂರರ ಗಾಯನದಲ್ಲೂ ಅಂಥದೊಂದು ಅಂಚಿದೆ: ರಾಗ ಮಳೆಗಾಲದ್ದು, ಹಾಡಿಕೆ ಮಾತ್ರ ಜಡಿಮಳೆಯಂತೆ ಸುರಿಯದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಉಸಿರು ಕಡಿಯದೆ ಹೊರಳುತ್ತ ಹದವಾಗಿ ನೆಲಕ್ಕಿಳಿಯುತ್ತದೆ. ಇಲ್ಲಿ ಕೇಳುಗನಿಗೆ ಕಾಫಿ ಕುಡಿಯಲು ಅಡ್ಡಿಯಿಲ್ಲ. ಅಮೃತವರ್ಷಿಣಿ ರಾಗದ ಯಾವುದಾದರೂ ಕೃತಿ ಹಾಕು ಎಂದು ಇಬ್ಬರು ಸೂಚಿಸಿದ್ದರು. ಹಾಕಲಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಅದನ್ನು ಹಾಡಿ ಒಣಗಿದ ಎಟ್ಟಯಪುರದಲ್ಲಿ ಮಳೆ ತರಿಸಿದರೆಂಬ ಐತಿಹ್ಯ ಆ ರಾಗಕ್ಕೆ ಅಂಟಿಕೊಂಡಿದೆ. ಗುರ್ಜಿಯ ಹುಡುಗನೂ ಭಾಗೀರಥಿಯೂ ಇರುವ ಪಟ್ಟಿಯಲ್ಲಿ, ಹಾಡಿದ ಕೂಡಲೇ ಮಳೆ ಬರುವ ಕಥೆ ತೀರ ಸಲೀಸಾಗುತ್ತದೆ.

ಕೊನೆಯದು ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ. ಸಿ. ಅಶ್ವಥ್ ಅವರ ಕಂಠದಿಂದ ಇದು ನಾಡಿಗೆಲ್ಲ ಗೊತ್ತು. ಮನೆ ಎಂದರೆ ದೇಹ, ಸೋರುವುದು ಅಜ್ಞಾನದಿಂದ ಎಂಬ ತತ್ವಾರ್ಥವೂ ಗೊತ್ತು. ಆ ಅರ್ಥ ಎಷ್ಟು ಗೊತ್ತೆಂದರೆ ಮಾಳಿಗೆಯೇ ನಮಗೆ ಕಾಣದಂತಾಗಿದೆ. ಮಳೆಯ ಹಾಡುಗಳ ನಡುವೆ ಇಟ್ಟಾಗ ಅದು ಮತ್ತೆ ಕಾಣುತ್ತದೆ: ಮಣ್ಣಿನ ಮಾಳಿಗೆ, ಅದರ ಮೇಲೆ ಬೆಳೆದ ಹುಲ್ಲು, ಮುತ್ತಿದ ಇರುವೆ, ಹುಳ ಹಿಡಿದ ಜಂತಿ, ಕತ್ತಲಲ್ಲಿ ಮೇಲೆ ಹತ್ತಿ ಸರಿಮಾಡಲು ಯಾರೂ ಇಲ್ಲದ ಮನೆ. ಮೇಲಾಗಿ ಆ ಪದದಲ್ಲಿ ಮಳೆಯ ಹೆಸರೇ ಇದೆ. ಬಂದದ್ದು ಹುಬ್ಬೆ ಮಳೆ ಎಂದು ಶರೀಫರು ಹೇಳುತ್ತಾರೆ. ಆಗಸ್ಟ್ ಮುಗಿಯುವ ಹೊತ್ತಿನ, ಮಳೆಗಾಲ ಹಳತಾದ ಮೇಲಿನ ಮಳೆ. ಎಲ್ಲ ಹಾಡುಗಳಿಗೂ ನಾನೇ ನಕ್ಷತ್ರ ಹಂಚಬೇಕಾಯಿತು. ಈ ಒಂದು ಹಾಡು ಮಾತ್ರ ತನ್ನ ಜಾಗವನ್ನು ತಾನೇ ಹೇಳಿಕೊಂಡು ಬಂತು.

ಪಟ್ಟಿ ಕಳಿಸಿ ಎರಡು ದಿನವಾದ ಮೇಲೆ ಕೊಪ್ಪಳದವನ ಉತ್ತರ ಬಂತು. ಅವನು ಹಾಡುಗಳನ್ನು ಬದಲಿಸಿರಲಿಲ್ಲ, ಕ್ರಮ ಬದಲಿಸಿದ್ದ. ಶರೀಫರ ಪದವನ್ನು ಕೊನೆಯಿಂದ ಎತ್ತಿ ಎರಡನೆಯದಾಗಿ, ಗುರ್ಜಿಗೂ ‘ಮುಂಗಾರು ಮಳೆ’ಗೂ ನಡುವೆ ಇಟ್ಟಿದ್ದ. ಕೆಳಗೆ ಕಾರಣ: “ಹುಬ್ಬಿಗೆ ಸೋರೂ ಮಾಳಿಗಿ ರೋಣಿಗೇ ಸೋರಿರತೈತಿ. ಮಳಿಗಿಂತ ಮೊದಲ ಮಣ್ಣು ಹಾಕಬೇಕಿತ್ತು.”

ನಾನು ಪಠ್ಯವನ್ನು ಹಿಡಿದು ವಾದಿಸಿದ್ದೆ, ಅವನು ಮಾಳಿಗೆಯನ್ನು ಹಿಡಿದು ವಾದಿಸಿದ. ಹುಬ್ಬೆಯ ಹೆಸರು ಹಾಡಿನಲ್ಲಿರುವುದರಿಂದ ನನ್ನ ಕ್ರಮವನ್ನು ನಾನು ಬಿಟ್ಟುಕೊಟ್ಟಿಲ್ಲ. ಈಗ ಗುಂಪಿನಲ್ಲಿ ಎರಡು ಪಟ್ಟಿಗಳಿವೆ. ಆದರೆ ಅವನ ಕ್ರಮದಲ್ಲಿ ಕೇಳುವಾಗ ‘ಮುಂಗಾರು ಮಳೆ’ಯ ಹಾಡಿಗೆ ನಾನು ಎಣಿಸಿರದ ಇನ್ನೊಂದು ಅರ್ಥ ಬಂದಿದೆ. ಆ ಚಿತ್ರದ ನಾಯಕ ಮಡಿಕೇರಿಯಲ್ಲಿ ಉಳಿದುಕೊಳ್ಳುವುದು ನಾಯಕಿಯ ಅಪ್ಪನ ಮನೆಯಲ್ಲಿ. ಸೋರುವ ಮನೆಯ ಪದ ಮುಗಿದ ಮೇಲೆ ಅವನ ದನಿ ಶುರುವಾದರೆ, ಮಳೆಯ ಜೊತೆ ಅಷ್ಟು ಸಲಿಗೆಯಿಂದ ಮಾತಾಡುತ್ತಿರುವವನು ಬೇರೆಯವರ ಸೂರಿನ ಕೆಳಗಿನ ಅತಿಥಿ ಎಂಬುದು ಮೊದಲ ಸಾಲಿಗೇ ನೆನಪಾಗುತ್ತದೆ.